ಇಬ್ಬರು ಮುನಿರಾಮಪ್ಪ

ಹತ್ತೂಮುಕ್ಕಾಲಿಗೆ ಆಫೀಸಿನ ಫೋನು ಬಡಿದುಕೊಂಡಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಅರ್ಪಿತ ಸೊಣ್ಣಪ್ಪನ ಕಡೆ ನೋಡಿದಳು. ಫೋನೆತ್ತುವುದೆಂದರೆ ಅವಳಿಗೆ ಭಯ. ಸೊಣ್ಣಪ್ಪ ಅಲ್ಲಾಡಲಿಲ್ಲ. ಲಾಯರ್ ಚಂದ್ರಮೋಹನ್ ಅವರ ಬಳಿ ಮೂವತ್ತು ವರ್ಷದಿಂದ ಗುಮಾಸ್ತ ಅವನು. ಈ ತಿಂಗಳು ಕೇಸುಗಳ ಡೈರಿ ತೆಗೀಬೇಡ, ಎಲ್ಲಾ ಕಂಪ್ಯೂಟರಿನಲ್ಲೇ ನೋಡೋಣ ಅಂತ ಸಾರ್ ಹೇಳಿದ ದಿನದಿಂದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಮುಖ ಮಾಡಿ ಕೂತಿದ್ದ. ಕೊನೆಗೆ ಅವಳೇ ಎತ್ತಿದಳು.

"ತಾಯಿ, ನಾನು ಲಕ್ಕೂರು ಮುನಿರಾಮಪ್ಪ. ಮಾಲೂರು ಕೋರ್ಟ್ ಹತ್ರ ಇದೀನಿ. ಸಾರ್ ಇನ್ನೂ ಬಂದಿಲ್ವಲ್ಲ? ನನ್ನ ಕೇಸು ಕೂಗೋ ಹೊತ್ತಾಯ್ತು."

ಸಾರ್ ಇಲ್ಲೇ ಕೋಲಾರದ ಕೋರ್ಟಿನಲ್ಲಿದ್ದರು. ಇವತ್ತಿನ ಪಟ್ಟಿಯಲ್ಲಿ ಮಾಲೂರಿನ ಹೆಸರೇ ಇರಲಿಲ್ಲ. ಅರ್ಪಿತ 'ಮುನಿರಾಮಪ್ಪ' ಅಂತ ಹುಡುಕಿದಳು. ಒಂದೇ ಹೆಸರು, ಒಂದೇ ತಾರೀಕು: ಇಪ್ಪತ್ತೇಳು, ಇವತ್ತಲ್ಲ.

ಕೇಸುಗಳ ತಾರೀಕು ಇಡುವ ಎರಡು ಸಾಫ್ಟ್‌ವೇರುಗಳನ್ನು ಬಳಸಿ ನೋಡಿ, ಆಫೀಸಿಗೆ ಯಾವುದು ಕೊಳ್ಳಬೇಕೆಂದು ಶನಿವಾರದೊಳಗೆ ಅವಳೇ ಹೇಳಬೇಕಿತ್ತು. ಮೊದಲನೆಯದು ಅವಳಿಗೆ ಹಿಡಿಸಿತ್ತು. ನೋಡೋಕೆ ಚೆಂದ. ಒಂದೇ ಹೆಸರು ಎರಡು ಸಲ ಬಂದರೆ ತಾನೇ ಕೇಳುತ್ತಿತ್ತು: ಇವರು ಒಬ್ಬರೇನಾ, ಸೇರಿಸಲಾ? ಡೈರಿಯಲ್ಲಿ ಸೊಣ್ಣಪ್ಪ ಒಬ್ಬನನ್ನು 'ಬಾವಿ ಮುನಿರಾಮಪ್ಪ', ಇನ್ನೊಬ್ಬನನ್ನು 'ಹುಣಸೆಮರದ ಮುನಿರಾಮಪ್ಪ' ಅಂತ ಬರೆದಿದ್ದ. ಅಡ್ಡಹೆಸರು ಕಂಪ್ಯೂಟರಿಗೇಕೆ ಅಂತ ಅವಳು ಬಿಟ್ಟಿದ್ದಳು. ಕೇಳೋಣವೆಂದರೆ ಅವನು ಮುಖ ಗಂಟಿಕ್ಕಿಕೊಂಡಿದ್ದ. 'ಹೌದು' ಒತ್ತಿದ್ದಳು; ಒಬ್ಬನ ತಾರೀಕು ಅಳಿಸಿಹೋಗಿತ್ತು.

"ಸೊಣ್ಣಪ್ಪಣ್ಣಾ..."

"ಏನಮ್ಮಾಯಿ, ಡಬ್ಬಾ ಕೆಟ್ಟೋಯ್ತಾ?"

"ಇಬ್ರು ಮುನಿರಾಮಪ್ಪನ್ನ ಒಬ್ರು ಮಾಡ್ಬಿಟ್ಟೆ."

ಅವನು ನಗಲಿಲ್ಲ. ಚೀಲದಿಂದ ಡೈರಿ ಎಳೆದು ಇವತ್ತಿನ ಪುಟ ತೆಗೆದ. "ಬಾವಿಯವನು. ಗೋಡೆ ಕಟ್ಟಬಾರ್ದು ಅನ್ನೋ ಕೋರ್ಟಿನ ಸ್ಟೇ ಇವತ್ತಿನ ತನಕ ಅಷ್ಟೇ ಕಣಮ್ಮಾ. ಮುಂದುವರಿಸಿ ಅಂತ ಕೇಳೋಕೆ ಲಾಯರಿಲ್ದಿದ್ರೆ ಬಿತ್ತು. ಪಕ್ಕದವನು ಇಟ್ಟಿಗೆ ಇಳಿಸ್ಕೊಂಡು ಕಾಯ್ತಾವ್ನೆ. ಬಾವಿ ದಾರಿಗೆ ನಾಳೆನೇ ಗೋಡೆ ಎಬ್ಬಿಸ್ತಾನೆ." ಅಷ್ಟರಲ್ಲೇ ಚಪ್ಪಲಿ ಮೆಟ್ಟಿದ್ದ. "ನಾನು ಹೋಗಿ ಸಾರ್‌ನ ಕೋರ್ಟಿಂದ ಕರ್ಕೊಂಡು ಬರ್ತೀನಿ. ನೀನು ಮಾಲೂರಿನ ಕದಿರೇಶ್ ಲಾಯರ್‌ಗೆ ಫೋನ್ ಹಾಕು."

"ನಾನಾ?"

"ಇನ್ಯಾರು, ಡಬ್ಬಾನಾ?"

ನಂಬರು ಒತ್ತುವಾಗ ಎರಡು ಸಲ ತಪ್ಪಿತು. ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಐದೇ ನಿಮಿಷ.

"ಯಾರಮ್ಮಾ? ಜೋರಾಗಿ ಮಾತಾಡು."

"ಸಾರ್, ಲಕ್ಕೂರು ಮುನಿರಾಮಪ್ಪಂದು... ನಮ್ ಸಾರ್ ಬರೋ ತನಕ..."

"ಯಾವ ಮುನಿರಾಮಪ್ಪ? ಇಲ್ಲಿ ಕೂಗಿದ್ರೆ ನಾಲ್ಕು ಜನ ತಿರುಗ್ತಾರೆ!"

"ಬಾವಿ ಮುನಿರಾಮಪ್ಪ!" ಅವಳು ಕಿರುಚಿಯೇಬಿಟ್ಟಳು.

"ಓ, ಬಾವಿಯವನಾ! ಆಮೇಲೆ ಕೂಗಿ ಅಂತ ಕೇಳಿ ನೋಡ್ತೀನಿ. ಜಡ್ಜ್ ಸಾಹೇಬ್ರು ಒಪ್ಪಿದ್ರೆ ಪುಣ್ಯ."

ಲೈನು ಕಟ್ಟಾಯಿತು. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಹನ್ನೊಂದೂಕಾಲಿಗೆ ಚಂದ್ರಮೋಹನ್ ಸೊಣ್ಣಪ್ಪನ ಜೊತೆ ಕರಿ ಕೋಟಿನಲ್ಲೇ ನುಗ್ಗಿ ಬಂದು ಬಾವಿಯ ಫೈಲು ಕಿತ್ತುಕೊಂಡರು.

"ಯಾರ ತಪ್ಪಿದು?"

ಸೊಣ್ಣಪ್ಪ ಗಡಿಯಾರ ನೋಡಿದ.

"ನಂದು ಸಾರ್," ಅಂದಳು. "ಆ ಸಾಫ್ಟ್‌ವೇರ್ ಬೇಡ ಸಾರ್. ಎರಡನೇದು ತಗೊಳ್ಳೋಣ. ಅದು ಯಾರನ್ನೂ ಸೇರಿಸಲ್ಲ, ಅಡ್ಡಹೆಸರಿಗೂ ಜಾಗ ಇದೆ. ಆದ್ರೆ ಸೊಣ್ಣಪ್ಪಣ್ಣ ಪಕ್ಕದಲ್ಲಿ ಕೂತು ಹೇಳ್ಬೇಕು."

ಅವರು ಫೈಲು ಹಿಡಿದು ಕಾರಿಗೆ ಓಡಿದರು.

ಮೂರು ಗಂಟೆಗೆ ಫೋನು ಬಡಿದುಕೊಂಡಿತು. "ಊಟ ಆದ್ಮೇಲೆ ಕೂಗಿದ್ರು ತಾಯಿ. ಸ್ಟೇ ಉಳೀತು," ಅಂತ ಮುನಿರಾಮಪ್ಪ ಬಿಕ್ಕುತ್ತಿದ್ದ.

ಸೊಣ್ಣಪ್ಪ ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಬಂದ. "ಮುಗೀತಲ್ಲ, ಇನ್ಯಾಕೆ ಹೆದರ್ತೀಯ?"

ಅರ್ಪಿತ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹನ್ನೊಂದು ಸಲ 'ಹೌದು' ಒತ್ತಿದೀನಿ ಅಣ್ಣಾ. ಇದು ಒಂದೇ ಸಿಕ್ಕಿರೋದು, ಇನ್ನೂ ಹತ್ತು ಹೆಸರು ಹಾಗೇ ಸೇರ್ಕೊಂಡಿವೆ."

ಸೊಣ್ಣಪ್ಪ ಡೈರಿಯಲ್ಲಿ ನಾಳೆಯ ಪುಟ ತಿರುವಿದ.