ಕಿವಿಗೆ ಹಿಡಿದ ಬಾಟಲಿ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಕುಮಾರಸ್ವಾಮಿಯವರು ಹಟಕ್ಕೆ ಬಿದ್ದರೆ ಹೆತ್ತಪ್ಪನ ಮಾತನ್ನೂ ಕೇಳುತ್ತಿರಲಿಲ್ಲವಂತೆ, ಇನ್ನು ಹೆಂಡತಿ ಕಾಂತಮ್ಮನ ಮಾತು ಕೇಳುತ್ತಾರೆಯೇ! ಮಗಳು ಪ್ರತಿಮಾ ಗಂಡನ ಜೊತೆ ಹಳೇಬೀಡಿನ ಹತ್ತಿರ ತೋಟದ ಮನೆಯಲ್ಲಿ ಹೋಂಸ್ಟೇ ತೆರೆದಾಗ ಖುಷಿಯಾಗಿಯೇ ಇದ್ದರು. ಪಾರ್ಟಿ ಮಾಡುವವರಿಗೆ ಲೈಸೆನ್ಸ್ ಮಾಡಿಸಿ ವೈನೂ ಕೊಡ್ತೀವಿ ಅಂದಳು ನೋಡಿ, ಆಗ ಕೆಂಡವಾದರು.

"ಕೊರಳಲ್ಲಿ ಲಿಂಗ ಕಟ್ಕೊಂಡೋರ ಮನೆ ಹುಡುಗಿ ಹೆಂಡ ಸುರೀತಾಳಾ? ಆ ಅಂಗಳಕ್ಕೆ ನಾನು ಕಾಲಿಡಲ್ಲ!"

ಮಗಳೇನು ಕಡಿಮೆಯೇ, ಅವರದೇ ರಕ್ತ. ಅಂದಿನಿಂದ ಫೋನಿನಲ್ಲಿ ಏನಿದ್ದರೂ ಅಮ್ಮನ ಜೊತೆ ಮಾತು. ಅಪ್ಪನ ವಿಷಯಕ್ಕೆ "ಮಾತ್ರೆ ತಗೊಂಡ್ರಾ ಕೇಳು" ಅಂದರೆ ಮುಗಿಯಿತು. ಅದೊಂದು ಮಾತನ್ನು ನನ್ನನ್ನೇ ಕೇಳಬಾರದೇ ಎಂದುಕೊಳ್ಳುತ್ತಾ ಇವರು ಪಕ್ಕದಲ್ಲೇ ಕೂತಿರುತ್ತಿದ್ದರು. ಬಾಯಿ ಬಿಟ್ಟು ಹೇಳಿದರೆ ಮರ್ಯಾದೆ ಹೋಗುತ್ತದಲ್ಲ!

ಹೀಗಿರುವಾಗ ಬೇಲೂರಿನ ಡಾಕ್ಟರ್ ಇಂದುಧರ ಮತ್ತು ಅವರ ಹೆಂಡತಿ ಹೇಮಲತಾ ತಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ಪ್ರತಿಮಾಳ ಹೋಂಸ್ಟೇ ಹಿಡಿದರು. ಅವಳಿಗೆ ಇದೇ ಮೊದಲ ದೊಡ್ಡ ಪಾರ್ಟಿ. ನೊರೆಯೇಳುವ ಸ್ಪಾರ್ಕ್ಲಿಂಗ್ ವೈನಿಗೆ ಎಳನೀರು, ಬೆಲ್ಲದ ಪಾನಕ, ದಾಳಿಂಬೆ ರಸ ಬೆರೆಸಿ ಬಗೆಬಗೆಯ ಕಾಕ್‌ಟೇಲ್ ಕೊಡುವುದೆಂದು ಒಪ್ಪಿದ್ದಳು. ಪಾರ್ಟಿಯ ದಿನವೇ ಎಳನೀರಿನ ಟೆಂಪೋದವನು ಕೈಕೊಟ್ಟ, ಅಮ್ಮನಿಗೆ ಫೋನ್ ಮಾಡಿ ಗೋಳಾಡಿದಳು.

"ನಮ್ ತೋಟದ್ದೇ ಹಾಕ್ಕೊಂಡು ಹೋಗಿ ಕೊಟ್ಟು ಬನ್ನಿ. ಮಾತಾಡದಿದ್ರೆ ಬಿಡಿ, ಯಾರು ಬೇಡ್ಕೊಂಡ್ರು?" ಅಂದರು ಕಾಂತಮ್ಮ.

ಹೆಂಡತಿಯ ಬಲವಂತಕ್ಕೆ ಹೊರಟವರ ಹಾಗೆ ಗೊಣಗುತ್ತಲೇ ಹೊರಟರು. ಆದರೆ ಜಾವಗಲ್ ದಾಟುವಷ್ಟರಲ್ಲಿ ಡ್ರೈವರ್‌ಗೆ "ಬೇಗ ಹೊಡಿಯಯ್ಯ" ಅಂತ ಅವಸರ ಮಾಡತೊಡಗಿದ್ದರು.

ತೋಟದ ಮನೆಯಲ್ಲಿ ಪ್ರತಿಮಾ ದೀಪದ ಸರ ಕಟ್ಟಿಸುತ್ತಿದ್ದಳು. ಅಪ್ಪನನ್ನು ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ಗಂಡ ಮಹಾಂತೇಶನಿಗೆ, "ಎಳನೀರು ಹಿಂದಿನ ಕೋಣೇಲಿ ಇಳಿಸ್ರೀ," ಅಂತ ಹೇಳಿ ಆಚೆ ಹೋದಳು. ಬನ್ನಿ ಇಲ್ಲ, ಕೂತ್ಕೊಳ್ಳಿ ಇಲ್ಲ! ಕುಮಾರಸ್ವಾಮಿಯವರು ಎಳನೀರಿನ ಹಿಂದೆಯೇ ನಡೆದರು.

ಹಿಂದಿನ ಕೋಣೆಯಲ್ಲಿ ವೈನ್ ಬಾಟಲಿಗಳು ಸಾಲಾಗಿ ನಿಂತಿದ್ದವು. ಮುಖ ತಿರುಗಿಸಿಕೊಂಡು ಹೊರಡಬೇಕಿತ್ತು. ಆದರೆ ವ್ಯಾಪಾರಿಯ ಜೀವ ಕೇಳಬೇಕಲ್ಲ. ಕಡುಹಸಿರು ಗಾಜು, ಒಳಗೆ ಎಷ್ಟಿದೆ ಅಂತಲೇ ಕಾಣುವುದಿಲ್ಲ. ಅಂಗಡಿಯವನು ಈ ಪೆದ್ದಿಯ ತಲೆಗೆ ಅರೆಬರೆ ತುಂಬಿದ್ದನ್ನು ಕಟ್ಟಿದ್ದರೆ? ಅವರ ಕೈ ತಾನಾಗಿ ಮುಂದೆ ಹೋಯಿತು. ಕೊಬ್ಬರಿ ಅಟ್ಟದಲ್ಲಿ ಕಾಯನ್ನು ಕಿವಿಗೆ ಹಿಡಿದು ಕುಲುಕಿ, ಒಳಗೆ ಲೊಡಲೊಡ ಅಂದರೆ ಕೊಬ್ಬರಿಯಾಗಿದೆ ಅಂತ ಹೇಳುವುದೇ ಅವರ ಕಸುಬು. ಎಳನೀರಾದರೆ ಸದ್ದು ಬರಬಾರದು, ಬಂದರೆ ತುಂಬಿಲ್ಲ ಅಂತ ಅರ್ಥ. ಹಾಗೆಯೇ ಒಂದೊಂದು ಬಾಟಲಿಯನ್ನೂ ಕಿವಿಗೆ ಹಿಡಿದು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಕುಲುಕಿದರು. ಪರವಾಗಿಲ್ಲ, ಎಲ್ಲಾ ತುಂಬಿವೆ, ಮೋಸ ಇಲ್ಲ. ಸಮಾಧಾನವಾಗಿ ಕೈ ತೊಳೆದುಕೊಂಡು, ವಿಭೂತಿ ಸರಿಮಾಡಿಕೊಂಡು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು.

ಸ್ವಲ್ಪ ಹೊತ್ತಿಗೆಲ್ಲ ಅತಿಥಿಗಳು ಬಂದು ಸೇರಿದರು. ಬಾಟಲಿಗಳನ್ನು ಅಂಗಳದ ಮೇಜಿಗೆ ತಂದಿಟ್ಟರು. ಪ್ರತಿಮಾ ಮೊದಲನೆಯದರ ಬಿರಡೆ ಸಡಿಲಿಸಿದ್ದೇ ತಡ, ಢಮ್! ಬಿರಡೆ ಮಾವಿನ ಮರಕ್ಕೆ ಹಾರಿತು, ನೊರೆ ಡಾಕ್ಟರ ರೇಷ್ಮೆ ಜುಬ್ಬವನ್ನು ತೋಯಿಸಿತು. ಎಲ್ಲರೂ ಹೋ ಎಂದು ನಕ್ಕರು. ಎರಡನೆಯದೂ ಹಾಗೇ ಉಕ್ಕಿ, ಮೇಜಿನ ಮೇಲಿದ್ದ ಪಾನಕದ ಲೋಟಗಳೆಲ್ಲ ಉರುಳಿದವು. ಈ ಸಲ ಯಾರೂ ನಗಲಿಲ್ಲ. ಪ್ರತಿಮಾಳ ಮುಖ ಸಣ್ಣಗಾಯಿತು.

"ಬಿಸಿಲಲ್ಲಿ ಇಟ್ಟಿದ್ರೇನ್ರೀ?"

"ಅಯ್ಯೋ, ದೇವರಾಣೆ ಇಲ್ಲ ಕಣೇ," ಅಂದ ಮಹಾಂತೇಶ.

"ಹಾಗಾದ್ರೆ ಅಂಗಡಿಯವನೇ ಕೆಟ್ಟ ಮಾಲು ಕೊಟ್ಟವ್ನೆ. ಇರಿ, ಅವನಿಗೆ ಮಾಡ್ತೀನಿ," ಅಂತ ಫೋನ್ ಎತ್ತಿಕೊಂಡಳು.

ಕುಮಾರಸ್ವಾಮಿಯವರಿಗೆ ಆಗ ಹೊಳೆಯಿತು, ಇದು ತಾವು ಕುಲುಕಿದ್ದರ ಫಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೋ, ಹೆಂಡದ ಅಂಗಳಕ್ಕೆ ಕಾಲಿಡಲ್ಲ ಅಂದವನು ಒಂದೂ ಬಿಡದೆ ಬಾಟಲಿ ಮುಟ್ಟಿದ ಕಥೆ ಅರಸೀಕೆರೆ ಮಂಡಿಯ ತನಕ ಹೋಗುತ್ತದೆ. ಹೋದರೆ ಹೋಗಲಿ, ಮಗಳ ಆ ಸಣ್ಣಗಾದ ಮುಖ ನೋಡಲಾಗಲಿಲ್ಲ.

"ಅವನನ್ನ ಬೈಬೇಡ ಕಣಮ್ಮ. ನಾನೇ ಎಲ್ಲಾನೂ ಕುಲುಕ್‌ಬಿಟ್ಟೆ."

ಪ್ರತಿಮಾ ತಿರುಗಿದಳು. ಕಣ್ಣಲ್ಲಿ ಬೆಂಕಿ.

"ಯಾಕೆ? ನನ್ ಪಾರ್ಟಿ ಹಾಳಾಗ್ಲಿ ಅಂತಾನಾ?"

"ಥೂ, ಬಿಡ್ತು ಅನ್ನು! ಒಳಗೆ ಎಷ್ಟೈತೆ ಕಾಣ್ತಿರ್ಲಿಲ್ಲ. ನಿಂಗೆ ಯಾವನಾದ್ರೂ ಟೋಪಿ ಹಾಕಿದ್ರೆ ಅಂತ ಕಿವಿಗಿಟ್ಟು ನೋಡ್ದೆ. ನಂಗೆ ಗೊತ್ತಿರೋದು ಅದೊಂದೇ ಕಣಮ್ಮ."

ಮೊದಲು ನಕ್ಕವರು ಹೇಮಲತಾ. ಆಮೇಲೆ ತೋಯ್ದ ಜುಬ್ಬದ ಡಾಕ್ಟರು, ಆಮೇಲೆ ಇಡೀ ಅಂಗಳ. ಪ್ರತಿಮಾ ಮಾತ್ರ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಲ್ಲಾಡಿಸದೆ ಐಸಿನಲ್ಲಿ ಇಟ್ರೆ ಸರಿಹೋಗ್ತವೆ. ಅಲ್ಲೀತನಕ ಬಂದವರಿಗೆ ಏನ್ ಕೊಡ್ಲಿ, ಅಪ್ಪಾಜೀ?"

ಅಪ್ಪಾಜಿ! ಆ ಒಂದು ಮಾತಿಗೆ ಮುದುಕರು ಪಂಚೆ ಎತ್ತಿ ಕಟ್ಟಿ ಮಚ್ಚು ಹಿಡಿದರು. ಕಾಯಿಯನ್ನು ಎಡಗೈಯಲ್ಲಿ ತಿರುಗಿಸುತ್ತಾ ಒಂದೇ ಬೀಸಿಗೆ ತಲೆ ಹಾರಿಸಿ, ಬಂದವರಿಗೆಲ್ಲ ಎಳೆ ತಿರುಳಿನ ಗಂಜಿ ಬೇಕೋ ಬರೀ ನೀರು ಬೇಕೋ ಕೇಳಿ ಕೇಳಿ ಕೊಟ್ಟರು. ನಡುನಡುವೆ ಐಸಿನ ಟಬ್ಬಿನ ಕಡೆ ಕಣ್ಣು. ಹತ್ತಿರ ಹೋದ ಅಳಿಯನಿಗೂ, "ಮುಟ್ಬೇಡಿ ಅಳಿಯಂದ್ರೇ, ಮಲಗವೆ," ಅಂತ ಗದರಿದರು.

ದೀಪ ಹತ್ತಿದ ಮೇಲೆ ಪ್ರತಿಮಾ ಬಿರಡೆಯನ್ನು ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದಳು. ಉಸ್ ಅಂತ ಸಣ್ಣ ಸದ್ದು, ಅಷ್ಟೇ. ಲೋಟದ ತಳದಲ್ಲಿ ಬೆಲ್ಲ ಶುಂಠಿಯ ಪಾನಕ, ಮೇಲೆ ಓರೆಯಾಗಿ ಸುರಿದ ವೈನು. ಅತಿಥಿಗಳು ಇನ್ನೊಂದು, ಮತ್ತೊಂದು ಅಂತ ಕೇಳಿ ಕುಡಿದರು.

ಎಲ್ಲರಿಗೂ ಕೊಟ್ಟಾದ ಮೇಲೆ ಅವಳು ಒಂದು ಲೋಟ ಹಿಡಿದು ಅಪ್ಪನ ಹತ್ತಿರ ಬಂದಳು.

"ಇದ್ರಲ್ಲಿ ವೈನಿಲ್ಲ. ನಿಮ್ಮ ಎಳನೀರು, ನಿಂಬೆ, ಸೋಡಾ. ಮಾತ್ರೆ ತಗೊಂಡ್ರಾ?"

"ತಗೊಂಡೆ," ಅಂದರು ಕುಮಾರಸ್ವಾಮಿ. ಲೋಟವನ್ನು ತುಟಿಗೆ ಒಯ್ಯಲಿಲ್ಲ, ಒಂದಿಷ್ಟೂ ಕುಲುಕದೆ ಕಿವಿಯ ಹತ್ತಿರ ಹಿಡಿದರು. ಗುಳ್ಳೆಗಳು ಒಡೆಯುವುದು ಸಣ್ಣಗೆ ಕೇಳಿಸುತ್ತಿತ್ತು.

"ಹೆಂಗೈತೆ ಅಪ್ಪಾಜಿ, ಮಾಲು?"

"ಚೆನ್ನಾಗೈತೆ ಕಣವ್ವ," ಅಂದರು ಅವರು, ದೀಪ ಹಚ್ಚಿದ ಅಂಗಳವನ್ನೆಲ್ಲ ಒಮ್ಮೆ ಸುತ್ತ ನೋಡಿ. "ಎಲ್ಲಾ ಚೆನ್ನಾಗೈತೆ."