ಮಾತಿಗೆ ಮುಂಚಿನ ಉಸಿರು

“ಮಾತು ಸಾಕು ಮೇಡಂ. ಇವತ್ತು ಉಸಿರು ಮಾತ್ರ ಕೊಡಿ.”

ಗಾಜಿನಾಚೆ ಕೂತು ರೆಕಾರ್ಡಿಂಗ್ ನೋಡಿಕೊಳ್ಳುವ ಮುನಿರಾಜು ಹೇಳಿದ್ದು ಹೆಡ್‌ಫೋನಿನೊಳಗೆ ಕೇಳಿಸಿತು. ಓದುವ ಹಾಳೆ ಇಡುವ ಸ್ಟ್ಯಾಂಡು ಬರಿದಾಗಿತ್ತು. ಶರಣ್ಯ ಅದನ್ನೇ ನೋಡುತ್ತ ನಿಂತಳು, ಅಲ್ಲಿ ಓದಲಿಕ್ಕೆ ಏನೋ ಇದೆ ಎನ್ನುವ ಹಾಗೆ.

ಚಾಮರಾಜಪೇಟೆಯ ಲಗ್ನಪತ್ರಿಕೆ ಅಂಗಡಿಯ ಮೇಲಿನ ಈ ಕೋಣೆಗೆ ಅವಳು ಬರತೊಡಗಿ ವರ್ಷವಾಗಿತ್ತು. ಗೋಡೆಗೆಲ್ಲ ಬೂದು ಸ್ಪಂಜು. ಬಾಗಿಲು ಹಾಕಿದರೆ ಪೇಟೆಯ ಸದ್ದೆಲ್ಲ ನೀರಿನಡಿ ಮುಳುಗಿಹೋಗುತ್ತಿತ್ತು. ಕನ್ನಡ ಎಂ.ಎ. ಮಾಡಿದವಳ ಶುದ್ಧ ಉಚ್ಚಾರಣೆ ಬೇಕೆಂದು ಕರೆಸಿಕೊಂಡಿದ್ದರು. ರೈಲು, ಹವಾಮಾನ, ಹೃದಯದ ಕಾಯಿಲೆ, ರಾಜಕುಮಾರಿ, ಕೊಟ್ಟದ್ದನ್ನೆಲ್ಲ ಓದಿದಳು. ಅಷ್ಟನ್ನೂ ಕೇಳಿ ಕಲಿತ ಯಂತ್ರ ಈಗ ಅವಳು ಎಂದೂ ಓದದ್ದನ್ನು ಅವಳದೇ ದನಿಯಲ್ಲಿ ಓದುತ್ತಿತ್ತು. ತಪ್ಪಿಲ್ಲ, ತಡವರಿಕೆಯಿಲ್ಲ. ಶೀತವೂ ಆಗುವುದಿಲ್ಲ.

ದೂರು ಬಂದದ್ದು ಒಂದೇ. ಕಥೆ ಕೇಳುವವರಿಗೆ ಉಸಿರು ಕಟ್ಟಿದ ಹಾಗಾಗುತ್ತದಂತೆ. ಓದುವವಳು ನಡುವೆ ಎಲ್ಲಿಯೂ ಉಸಿರು ಎಳೆದುಕೊಳ್ಳುವುದೇ ಇಲ್ಲವಂತೆ.

“ಓದೋ ಕೆಲಸ ಇನ್ನಿಲ್ಲ ಶರಣ್ಯ, ನಿಮಗೂ ಗೊತ್ತಲ್ಲ,” ಎಂದು ಮ್ಯಾನೇಜರ್ ಹಂಸಾ ಬೆಳಿಗ್ಗೆಯೇ ಹೇಳಿದ್ದಳು. “ಇದೊಂದು ಸರಿಯಾಗಿ ಬಂದ್ರೆ ಮುಂದಿನ ವರ್ಷಕ್ಕೂ ನಿಮ್ಮನ್ನ ಇಟ್ಕೋಬಹುದು.”

“ಬರದಿದ್ರೆ?”

“ಬರುತ್ತೆ ಬಿಡಿ. ಉಸಿರಾಡೋಕೂ ಟ್ರೇನಿಂಗ್ ಬೇಕಾ?”

ಕೆಂಪು ದೀಪ ಹತ್ತಿತು. ಶರಣ್ಯ ಉಸಿರೆಳೆದುಕೊಂಡಳು.

“ಏನೂ ಬರ್ಲಿಲ್ಲ,” ಎಂದ ಮುನಿರಾಜು.

ಮತ್ತೆ ಎಳೆದುಕೊಂಡಳು.

“ಮೇಡಂ, ಕತ್ತು! ಕತ್ತು ತಿರುಗಿಸ್ತಿದೀರ.”

ಹೌದು. ಮೈಕಿಗೆ ಕೇಳಿಸದಂತೆ ಕತ್ತನ್ನು ಎಡಕ್ಕೆ ಹೊರಳಿಸಿ, ಕದ್ದು ಗಾಳಿ ಎಳೆದುಕೊಂಡು, ಏನೂ ಆಗದವಳಂತೆ ಮುಂದಿನ ವಾಕ್ಯಕ್ಕೆ ಮರಳುವುದು ಅವಳು ಈ ಕಸುಬಿನಲ್ಲಿ ಕಲಿತ ಮೊದಲ ಪಾಠ. ಉಸಿರೇ ಇಲ್ಲದವಳ ಹಾಗೆ ಓದುತ್ತೀಯ ಎಂದು ಹೊಗಳಿಸಿಕೊಂಡಿದ್ದಳು. ಮುನಿರಾಜು ಒಳಗೆ ಬಂದು ಮೈಕನ್ನೇ ಎಡಕ್ಕೆ ಸರಿಸಿದ. ಕತ್ತು ತಾನಾಗಿ ಬಲಕ್ಕೆ ತಿರುಗಿತು.

“ಒಳ್ಳೇ ಕಥೆ ಆಯ್ತಲ್ಲ! ನಮ್ಮ ಮನೆಯವಳನ್ನ ಕರ್ಕೊಂಡ್ಬರ್ಲಾ? ನನ್ನ ಮುಖ ನೋಡಿದ್ರೆ ಸಾಕು, ಬೇಕಾದಷ್ಟು ನಿಟ್ಟುಸಿರು ಬಿಡ್ತಾಳೆ.”

ನಗಬೇಕು ಎಂದುಕೊಂಡಳು. ಅಷ್ಟರಲ್ಲಿ ಅವನು ಹೊರಗೆ ಹೋಗಿಯಾಗಿತ್ತು.

ಉಸಿರು ಜೋರಾಗಲಿ, ಮೆಟ್ಟಿಲು ಇಳಿದು ಹತ್ತಿ ಬನ್ನಿ ಎಂದರು. ಇಳಿದಳು, ಹತ್ತಿದಳು, ಕತ್ತನ್ನು ಕೈಯಲ್ಲಿ ಹಿಡಿದುಕೊಂಡು ಮೈಕಿನ ಮುಂದೆ ನಿಂತಳು.

“ಇದು ಏದುಸಿರು,” ಎಂದಳು ಮುನಿರಾಜುವಿನ ಪಕ್ಕ ಬಂದು ಕೂತಿದ್ದ ಹಂಸಾ. “ಯಾರೋ ಅಟ್ಟಿಸ್ಕೊಂಡು ಬಂದ ಹಾಗಿದೆ. ಆರಾಮಾಗಿ ಕೂತು ಮಾತಾಡೋರದ್ದು ಬೇಕು. ಮನೆಯವರ ಹತ್ರ ಮಾತಾಡೋ ಥರ.”

“ಹಾಗಾದ್ರೆ ಮಾತೇ ಆಡಿಸೋಣ,” ಎಂದ ಮುನಿರಾಜು. “ಏನಾದ್ರೂ ಹೇಳಿ ಮೇಡಂ. ಮಾತನ್ನ ನಾನು ಕತ್ತರಿಸಿ ಬಿಸಾಕ್ತೀನಿ. ಉಸಿರು ಉಳಿಯುತ್ತೆ.”

“ಏನು ಹೇಳ್ಲಿ?”

“ಏನಾದ್ರೂ. ನಿಮ್ದೇ.”

ಶರಣ್ಯ ತನ್ನೊಳಗೆ ತಡಕಾಡಿದಳು. ಮುಂದಿನ ನಿಲ್ದಾಣ ಯಾವುದು, ಕರಾವಳಿಯಲ್ಲಿ ಮಳೆಯಾಗುವ ಸಾಧ್ಯತೆ, ಒಂದಾನೊಂದು ಊರಿನ ರಾಜಕುಮಾರಿ. ಓದಿದ್ದೆಲ್ಲ ಮೀನಿನ ಹಾಗೆ ಹತ್ತಿರ ಬಂದು, ಮೂತಿ ತಾಕಿಸಿ, ತಿರುಗಿ ಹೋಯಿತು. ನಿನ್ನೆ ಯಾರ ಜೊತೆ ಮಾತಾಡಿದೆ? ನಿನ್ನೆ ಎಂಬುದೂ ಯಾರೋ ಬರೆದುಕೊಟ್ಟ ವಾಕ್ಯದಂತೆ ಕಂಡಿತು. ಗಾಜಿನಾಚೆ ಇಬ್ಬರ ತುಟಿಗಳೂ ಆಡುತ್ತಿದ್ದವು. ಸದ್ದಿರಲಿಲ್ಲ.

ಕೊನೆಗೆ ಎದೆಯ ತಳದಲ್ಲಿ ಏನೋ ಕದಲಿತು. ಬಾಯಿ ತೆರೆದಳು.

“ನಾನು...”

ಅಷ್ಟೇ. ಮುಂದೆ ಏನೂ ಇರಲಿಲ್ಲ.

“ಸಿಕ್ತು!” ಎಂದು ಮುನಿರಾಜು ಕೂಗಿದ.

ಹೊರಗೆ ಕರೆದು ತೋರಿಸಿದ. ಕಂಪ್ಯೂಟರ್ ಪರದೆಯ ಮೇಲೆ, ದನಿಯ ಗೆರೆಯಲ್ಲಿ ಒಂದು ಸಣ್ಣ ಉಬ್ಬು, ಅದರ ಪಕ್ಕ ದೊಡ್ಡದೊಂದು ಗುಡ್ಡ. “ಈ ಚಿಕ್ಕದು ಉಸಿರು. ದೊಡ್ಡದು ನೀವು ಹೇಳಿದ್ದು.” ದೊಡ್ಡದರ ಮೇಲೆ ಗೆರೆ ಎಳೆದು ಅಳಿಸಿದ. ಅದಿದ್ದ ಜಾಗ ಮಟ್ಟಸವಾಯಿತು.

ಹಂಸಾ ಕಣ್ಣು ಮುಚ್ಚಿಕೊಂಡು ಆ ಉಸಿರನ್ನು ಮತ್ತೆ ಮತ್ತೆ ಕೇಳಿದಳು. “ಎಷ್ಟ್ ಚೆನ್ನಾಗಿದೆ! ಇನ್ನೇನೋ ಹೇಳ್ತಾರೆ ಅನ್ಸುತ್ತೆ.”

“ಮತ್ತೆ, ಮುಂದಿನ ವರ್ಷದ್ದು...”

“ಇದೊಂದೇ ಸಾಕೇನೋ ಶರಣ್ಯ. ಇದನ್ನೇ ಹಿಗ್ಗಿಸಿ ಕುಗ್ಗಿಸಿ ಎಲ್ಲಾ ಕಡೆ ಹಾಕ್ಬಹುದಂತೆ. ನೋಡೋಣ, ಫೋನ್ ಮಾಡ್ತೀನಿ.”

“ಮಾಡ್ತೀರಾ?”

“ನೋಡೋಣ ಅಂದ್ನಲ್ಲ.”

ಸಂಜೆ ಗಾಂಧಿ ಬಜಾರನ್ನು ಸುತ್ತಿಕೊಂಡು ಮನೆಗೆ ನಡೆದಳು. ಮಂಜಿಗೆ ದೀಪಗಳು ಹಾಲಿನಲ್ಲಿ ತೇಲುತ್ತಿರುವಂತಿದ್ದವು. ಹೂವಿನವಳು ಕೂಗಿ ಕರೆದಳು. ಆ ಕರೆ ಅವಳನ್ನು ದಾಟಿಕೊಂಡು ಬೇರೆ ಯಾರಿಗೋ ತಲುಪಿತು. ಎದುರು ಯಾರಾದರೂ ಬಂದರೆ ಶರಣ್ಯ ಕತ್ತನ್ನು ಎಡಕ್ಕೆ ತಿರುಗಿಸಿ ಉಸಿರಾಡಿಕೊಂಡಳು. ಯಾರಿಗೂ ಕೇಳಿಸಲಿಲ್ಲ.

ಗವಿಪುರದ ಮನೆಯ ಬಾಗಿಲು ಓರೆಯಾಗಿತ್ತು. ಒಳಗೆ ಅವಳ ದನಿ ಅವಳಿಗಿಂತ ಮೊದಲೇ ಬಂದು ಕೂತಿತ್ತು.

ಅಡುಗೆಮನೆಯಲ್ಲಿ ಅಮ್ಮ ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಡಬ್ಬಕ್ಕೆ ಒರಗಿಸಿದ ಫೋನು ಯಾವುದೋ ಕಥೆ ಓದುತ್ತಿತ್ತು. ಒಂದೊಂದು ವಾಕ್ಯ ಮುಗಿದಾಗಲೂ ಅಮ್ಮ, ಎದುರು ಕೂತವರಿಗೆ ಹೂಂಗುಟ್ಟುವ ಹಾಗೆ, ಹೂಂ ಎನ್ನುತ್ತಿದ್ದಳು.

“ಅಮ್ಮಾ, ಇವತ್ತು ನನಗೆ...”

“ಶ್ಶ್, ಒಂದ್ನಿಮಿಷ ಇರೇ. ಅವಳು ಹೇಳ್ತಿದಾಳೆ.”

“ಅದು ನಾನೇ ಅಮ್ಮ.”

“ಗೊತ್ತು ಕಣೇ. ಸುಮ್ನೆ ಕೂತು ಕೇಳು.”

ಶರಣ್ಯ ಕೂತಳು. ಸುಮ್ಮನೆ ಕಾಳು ನೆನೆಸಿದ ಬೋಸಿಗೆ ಕೈ ಹಾಕಿ ಒಂದು ಕಾಳನ್ನು ಬೆರಳುಗಳ ನಡುವೆ ಒತ್ತಿದಳು. ಕಾಳು ಪುಳಕ್ಕನೆ ಜಾರಿ ಬಟ್ಟಲಿಗೆ ಬಿತ್ತು. ಸಿಪ್ಪೆ ಕೈಯಲ್ಲಿ ಉಳಿಯಿತು. ಕಾಳಿನದೇ ಆಕಾರ, ತುದಿಯಲ್ಲಿ ಸಣ್ಣಗೆ ತೆರೆದ ಬಾಯಿ.

ಇನ್ನೊಂದು ಒತ್ತಿದಳು. ಮತ್ತೊಂದು.

“ಹೂಂ,” ಎಂದಳು ಅಮ್ಮ, ಫೋನಿನ ಕಡೆ ನೋಡುತ್ತ.

ಶರಣ್ಯಳ ಮೊಣಕಾಲಿನ ಹತ್ತಿರ ಸಿಪ್ಪೆಗಳು, ಒಂದರ ಮೇಲೊಂದು, ಬಾಯಿ ತೆರೆದುಕೊಂಡು ರಾಶಿ ಬೀಳುತ್ತಿದ್ದವು.