ಹೆಸರು ಕೆತ್ತಿಸಿಕೊಂಡ ತಂಬಿಗೆ

ನಾನೊಂದು ಹಿತ್ತಾಳೆಯ ತಂಬಿಗೆ. ಇಷ್ಟು ಹೇಳಿದರೆ ನಿಮಗೆ ಏನೂ ತಿಳಿಯದು. ಗದಗಿನ ಭಾಂಡೆ ಅಂಗಡಿಯ ಒಂದೇ ಹಲಗೆಯ ಮೇಲೆ ನನ್ನಂಥವು ನಲವತ್ತು ಕೂತಿದ್ದವು. "ಆ ತಂಬಿಗಿ ಕೊಡ್ರಿ" ಎಂದು ಯಾರಾದರೂ ಕೈ ತೋರಿಸಿದರೆ ನಲವತ್ತೂ ಬೀಗುತ್ತಿದ್ದೆವು.

ನನ್ನನ್ನು ಬೇರೆ ಮಾಡಿದವನು ಅಂಗಡಿಯ ಜಗಲಿಯಲ್ಲಿ ಕೂತ ಮೋದಿನಸಾಬ. ಮಗಳ ಮದುವೆಗೆ ಪಾತ್ರೆ ಕೊಳ್ಳಲು ಬಂದ ಪದ್ಮಾವತಿಬಾಯಿ ಹೇಳಿದ ಹೆಸರನ್ನು ಉಳಿ ಹಿಡಿದು, ಚುಕ್ಕೆ ಚುಕ್ಕೆಯಾಗಿ ನನ್ನ ಹೊಟ್ಟೆಯ ಮೇಲೆ ಕೆತ್ತಿದ: ತುಂಗಾ. ನೋವಾಯಿತು. ಆದರೆ ಅಂದಿನಿಂದ ನಾನು ಬರೀ ತಂಬಿಗೆಯಲ್ಲ, ತುಂಗಾಳ ತಂಬಿಗೆ.

ಆ ತಾಯಿ ಅವಸರ ಮಾಡಿದ್ದಳು. ಅವರಲ್ಲಿ ಮದುವೆಯ ದಿನ ಗಂಡ ಹೆಂಡತಿಗೆ ಹೊಸ ಹೆಸರಿಡುತ್ತಾನೆ. ಅದು ತಿಳಿದ ಮೇಲೆಯೇ ಪಾತ್ರೆಗೆ ಕೆತ್ತಿಸಬೇಕು. ವರ ಮಹಾಶಯ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ 'ಸುಧಾ' ಎಂದು ಬರೆದ. ಅಕ್ಕಿಯ ಮೇಲೆ ಬರೆದದ್ದು ಉಳಿಯಿತು. ಹಿತ್ತಾಳೆಯ ಮೇಲೆ ಕೆತ್ತಿದ್ದು ತಪ್ಪಾಯಿತು.

ಅತ್ತೆ ಕೃಷ್ಣಾಬಾಯಿ ನನ್ನನ್ನು ತಿರುಗಿಸಿ ನೋಡಿ, "ಯಾರಕಿ ಇಕಿ ತುಂಗಾ? ನಮ್ಮನ್ಯಾಗ ಇಲ್ಲಲ್ಲ!" ಎಂದರು. ಹೆಸರು ಅಳಿಸಲು ಉಕ್ಕಿನ ಅರ ಹಾಕಿ ಉಜ್ಜಿಸಿದರು. ಹೊಟ್ಟೆ ತೆಳುವಾಯಿತು, ಹೆಸರು ಹೋಗಲಿಲ್ಲ. ಮರುದಿನದಿಂದ ಸೊಸೆ ನನ್ನನ್ನು ಹೆಸರು ಗೋಡೆಗೆ ಮಾಡಿ ಇಡತೊಡಗಿದಳು. ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಮಾತ್ರ ಅವಳ ಬೆರಳು ಆ ಚುಕ್ಕೆಗಳ ಮೇಲೆ ತುಸು ಹೆಚ್ಚೇ ನಿಲ್ಲುತ್ತಿತ್ತು.

ಎದುರುಮನೆಯಲ್ಲಿದ್ದ ಶಾಲೆಯ ಅಕ್ಕೋರು ಅಂಬಕ್ಕ, ಮಗನ ಮುಂಜಿವೆಗೆಂದು ಹತ್ತು ಮನೆಗಳ ಪಾತ್ರೆ ಎರವಲು ತಂದಾಗ ನಾನೂ ಹೋದೆ. ಊಟ ಮುಗಿದ ಮೇಲೆ ಅಂಗಳದಲ್ಲಿ ಪಾತ್ರೆಗಳನ್ನು ಸಾಲಾಗಿಟ್ಟು, ಹೆಸರು ಓದಿ ಓದಿ ಮರಳಿಸಿದಳು.

"ತುಂಗಾ ಯಾರ್ರೀ?"

ನನ್ನವಳು ಅರ್ಧ ಎದ್ದಳು. ಪಕ್ಕದಲ್ಲಿ ಅತ್ತೆ. ಸೀರೆಯ ನೆರಿಗೆ ಸರಿಮಾಡಿಕೊಂಡಂತೆ ಮಾಡಿ ಮತ್ತೆ ಕೂತಳು.

ಹಾಗೆ ನಾನು ಅಂಬಕ್ಕನ ಮನೆಯ ಗೋಡೆಯ ಮಾಡದಲ್ಲಿ ಉಳಿದು, ಮೂವತ್ತು ವರ್ಷ ಸೀಮೆಸುಣ್ಣದ ತುಂಡುಗಳನ್ನು ಹೊತ್ತೆ. ಎದುರುಮನೆಯ ಕೂಗು ಅಲ್ಲಿಗೆ ಕೇಳುತ್ತಿತ್ತು. ಬರಬರುತ್ತ 'ಸುಧಾ' ಕೂಡ ನಿಂತಿತು. ವೈನಿ, ಅವ್ವಾ, ಕಾಕೂ, ಅಜ್ಜಿ. ನನಗೆ ಅಂಗಡಿಯ ಹಲಗೆ ನೆನಪಾಗುತ್ತಿತ್ತು.

ಒಂದು ಸಂಜೆ, ಪಾಠಕ್ಕೆ ಬರುತ್ತಿದ್ದ ಎದುರುಮನೆಯ ಮೊಮ್ಮಗಳು ಮೈತ್ರಿಗೆ ಅಂಕಿತನಾಮ ತಲೆಗೆ ಹತ್ತಲೊಲ್ಲದು. ಅಂಬಕ್ಕ ನನ್ನನ್ನು ಮೇಜಿನ ಮೇಲೆ ಕುಕ್ಕಿದಳು.

"ನೋಡು. ತಂಬಿಗಿ ಅಂದ್ರ ಯಾವದರ ಆಗಬಹುದು, ರೂಢನಾಮ. ಮ್ಯಾಲ ಬರದದ್ದು ಒಬ್ಬಾಕಿದs, ಅಂಕಿತನಾಮ."

"ತುಂಗಾ ಅಂದ್ರ ಹೊಳಿ ಅಲ್ಲೇನ್ರಿ?"

"ಹೊಳಿಗೆ ತಂಬಿಗಿ ಯಾಕ ಬೇಕವಾ? ಯಾರೋ ಒಬ್ಬಾಕಿ ಇದ್ಲು. ಒಯ್ಯಲಿಕ್ಕೆ ಬರಲೇ ಇಲ್ಲ."

ಮೊಮ್ಮಗಳನ್ನು ಕರೆದೊಯ್ಯಲು ಬಂದ ಅಜ್ಜಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಒಂದು ಕಾಲಲ್ಲಿ ಚಪ್ಪಲಿ ಹಾಗೇ ಉಳಿಯಿತು.

"ಬಂದೀನ್ರಿ," ಎಂದಳು. "ತುಂಗಾ ನಾನ."

ಅಂಬಕ್ಕ ಕನ್ನಡಕ ಸರಿಸಿದಳು. "ಎದುರಿಗೇ ಇದ್ದೀಯಲ್ಲs! ಹೇಳಲಿಕ್ಕೆ ಏನಾಗಿತ್ತು?"

"ಅತ್ತಿ ಇದ್ರಲ್ರಿ."

"ಅವರು ಹೋಗಿ ಹನ್ನೆರಡು ವರ್ಷಾತು!"

ಅವಳು ಬಾಗಿಲಿಂದಲೇ ಮೇಜಿಗೆ ಕೈಚಾಚಿದಳು. ನನ್ನನ್ನು ಎತ್ತಿಕೊಂಡು ಸೆರಗಿನಿಂದ ಸುಣ್ಣ ಒರೆಸಿದಳು.

"ಒಳಗ ಬಾ, ತುಂಗಾ," ಎಂದಳು ಅಂಬಕ್ಕ.

ಅರ ಉಜ್ಜಿದಲ್ಲಿ ನಾನೀಗ ಸೋರುತ್ತೇನೆ. ನೀರಿಗೆ ಬಾರದೆ ತುಂಗಾಳ ಕಿಟಕಿಯಲ್ಲಿ ಕೂತಿದ್ದೇನೆ, ಹೆಸರು ಬೀದಿಯ ಕಡೆಗೆ. ಸಂಜೆ ಅಂಬಕ್ಕ ತನ್ನ ಕಟ್ಟೆಯಿಂದ ಒಂದೇ ಒಂದು ಕೂಗು ಹಾಕುತ್ತಾಳೆ. ನಮ್ಮ ಬೀದಿಯಲ್ಲಿ ಅಜ್ಜಿಯರು ಏಳೆಂಟು ಮಂದಿ ಇದ್ದಾರೆ. ಆ ಕೂಗಿಗೆ ಬಾಗಿಲಿಗೆ ಬರುವವಳು ಒಬ್ಬಳೇ.